ಗೊಬ್ಬರ ಬೇಡದ ನೆಲ

ಕಳೆದ ವರ್ಷ ಮೇ ತಿಂಗಳ ಕೊನೆಯಲ್ಲಿ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದೆ. ಆಗ ಸರ್ರೆ ಪ್ರಾಂತದ ಗೋಡಾಲ್ಮಿಂಗ್ ಪಟ್ಟಣದ ಸಮೀಪದಲ್ಲಿರುವ ಥರ್ಸ್ಲಿ ಕಾಮನ್ ಎಂಬ ರಾಷ್ಟ್ರೀಯ ನಿಸರ್ಗ ರಕ್ಷಿತ ಪ್ರದೇಶವನ್ನು ನೋಡುವ ಅವಕಾಶ ಸಿಕ್ಕಿತು. ಅಲ್ಲಿಯವರು 'ಹೀತ್' ಎಂದು ಕರೆಯುವ ಈ ನೆಲವನ್ನು ನಮ್ಮವರು ಕಂಡಿದ್ದರೆ 'ಪಾಳು' ಎಂದುಬಿಡುತ್ತಿದ್ದರು. ಸಾರವಿಲ್ಲದ ಮರಳು, ಹುಳಿ ಮಣ್ಣು. ಮೊಣಕಾಲೆತ್ತರದ ಹೆದರ್ ಗಿಡ, ನಡುನಡುವೆ ಹಳದಿ ಹೂವಿನ ಗಾರ್ಸ್ ಎಂಬ ಮುಳ್ಳುಪೊದೆ, ತಗ್ಗಿನಲ್ಲಿ ಜೌಗು. ಗಾರ್ಸ್ ಹೂವಿಗೆ ತೆಂಗಿನಕಾಯಿಯ ವಾಸನೆ! ಇದೇ ಗಿಡ ಬಿಳಿಯರ ಜೊತೆ ನೀಲಗಿರಿಗೆ ಬಂದು ಅಲ್ಲಿಯ ಹುಲ್ಲುಗಾವಲಿಗೆ ಕಳೆಯಾಗಿದೆ.

ಈ ಬಯಲು ತಾನಾಗಿ ಆದದ್ದಲ್ಲ. ಸಾವಿರಾರು ವರ್ಷಗಳ ಹಿಂದೆ ಕಾಡು ಕಡಿದ ಮೇಲೆ ಮಣ್ಣಿನ ಸಾರ ಮಳೆಗೆ ತೊಳೆದುಹೋಗಿ ಹೆದರ್ ಬೆಳೆಯಿತು. ಅದನ್ನು ಬಯಲಾಗಿಯೇ ಉಳಿಸಿದವರು ಸುತ್ತಲಿನ ರೈತರು. ದನ ಮೇಯಿಸಿದರು, ಒಲೆಗೆ ಗಾರ್ಸ್ ಕಡಿದರು, ಜರಿಗಿಡ ಕೊಯ್ದು ಕೊಟ್ಟಿಗೆಗೆ ಹಾಸಿದರು. ಇದನ್ನು ಕೇಳಿದಾಗ ನಮ್ಮ ಸೊಪ್ಪಿನ ಬೆಟ್ಟವೇ ಕಣ್ಣ ಮುಂದೆ ಬಂತು. ಕಲ್ಲಿದ್ದಲು ಬಂದ ಮೇಲೆ ಕೊಯ್ಯುವವರು ಇಲ್ಲವಾದರು, ಪೈನ್ ಮತ್ತು ಬರ್ಚ್ ಮರಗಳು ಮೇಲೆದ್ದವು. ಎಷ್ಟೋ ಬಯಲು ಮನೆ, ರಸ್ತೆ, ನೆಡುತೋಪುಗಳ ಪಾಲಾಯಿತು. 1800ರಿಂದ ಈಚೆಗೆ ಆ ದೇಶದ ತಗ್ಗುಸೀಮೆಯ ಹೀತ್‌ನಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ಅಳಿದಿದೆ.

ಆದ್ದರಿಂದ ಇಲ್ಲಿ ಸಂರಕ್ಷಣೆ ಎಂದರೆ ಸುಮ್ಮನೆ ಬಿಡುವುದಲ್ಲ. ಚಳಿಗಾಲದಲ್ಲಿ ಸ್ವಯಂಸೇವಕರು ಪೈನ್ ಸಸಿಗಳನ್ನು ಕಿತ್ತು ಹಾಕುತ್ತಾರೆ, ದನಗಳನ್ನು ಮೇಯಲು ಬಿಡುತ್ತಾರೆ. ನಮಗೆ ಗೊಬ್ಬರವೇ ಜೀವ, ಅಲ್ಲಿ ಗೊಬ್ಬರವೇ ಶತ್ರು. ಪಟ್ಟಣದವರು ಅಡ್ಡಾಡಿಸಲು ತರುವ ನಾಯಿಗಳ ಮಲದಿಂದ ಮಣ್ಣಿಗೆ ಸಾರಜನಕ ಸೇರಿ, ಹುಲ್ಲು ಹೆಚ್ಚಿ, ಹೆದರನ್ನು ಮುಚ್ಚಿಬಿಡುತ್ತದೆ. ಅಲ್ಲದೆ ಆಫ್ರಿಕಾದಿಂದ ಬರುವ ನತ್ತಿಂಗ ಹಕ್ಕಿ ಬರಿಯ ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ. ಅದಕ್ಕಾಗಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಯನ್ನು ಗಿಡ್ಡ ಹಗ್ಗದಲ್ಲಿ ಹಿಡಿದಿರಬೇಕೆಂಬ ಕಾನೂನಿದೆ. ಅದೇ ಸೀಮೆಯ ಥೇಮ್ಸ್ ಬೇಸಿನ್ ಹೀತ್‌ಗಳ ಸುತ್ತ 400 ಮೀಟರಿನೊಳಗೆ ಹೊಸ ಮನೆಗೆ ಸಾಮಾನ್ಯವಾಗಿ ಅನುಮತಿಯನ್ನೇ ಕೊಡುವುದಿಲ್ಲ.

ರಾತ್ರಿ ಒಂಬತ್ತೂವರೆಗೆ, ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ, ನತ್ತಿಂಗ ರಾಟೆ ತಿರುಗಿಸಿದಂತೆ ಕೂಗತೊಡಗಿತು. ಜೌಗಿನ ಮೇಲೆ ಹಾಕಿದ ಹಲಗೆದಾರಿಯಲ್ಲಿ ನಿಂತು ಕೇಳಿದೆವು. ಹಿಂದಿನ ದಾರಿಯ ಬಹುಭಾಗ ಬೆಂಕಿಗೆ ಆಹುತಿಯಾಗಿತ್ತೆಂದು ಅಳಿಯ ಹೇಳಿದರು. 2020ರ ಮೇ 30ರಂದು ಬಿದ್ದ ಬೆಂಕಿಯಲ್ಲಿ ಸುಮಾರು 150 ಹೆಕ್ಟೇರ್ ಸುಟ್ಟಿತು. ಗೂಡು ಕಟ್ಟುವ ಕಾಲ. ಮರಿಗಳೂ ಹಲ್ಲಿಗಳೂ ಎಲ್ಲಿಗೆ ಓಡಬೇಕು? 2006ರ ಜುಲೈಯಲ್ಲಿಯೂ ಅಲ್ಲಿ ದೊಡ್ಡ ಬೆಂಕಿ ಬಿದ್ದಿತ್ತು.

ಆ ಮಾತು ಕೇಳಿ ನಾನು ತಲೆ ತಗ್ಗಿಸಿದೆ. ಕೆಲವು ವರ್ಷಗಳ ಹಿಂದೆ ಶಿವರಾತ್ರಿಯ ಸುಮಾರಿಗೆ ತೋಟದಂಚಿನ ಒಣಹುಲ್ಲಿಗೆ ನಾನೇ ಬೆಂಕಿ ಕೊಟ್ಟು, ಆಳಿಗೆ ನೋಡಿಕೊಳ್ಳಲು ಹೇಳಿ ಊಟಕ್ಕೆ ಹೋಗಿದ್ದೆ. ಗಾಳಿ ತಿರುಗಿತು. ಪಕ್ಕದವರ ಬೆಟ್ಟವೂ ಅದರಂಚಿನ ಹದಿನೆಂಟು ಮೆಣಸಿನ ಬಳ್ಳಿಗಳೂ ಹೋದವು. ಬಳ್ಳಿಯ ಹಣ ಕೊಟ್ಟೆ. ಆದರೆ ಮರುವರ್ಷ ಆ ಬೆಟ್ಟದಲ್ಲಿ ಸೊಪ್ಪು ಕೊಯ್ಯಲು ಏನೂ ಇರಲಿಲ್ಲ. ಅವರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಸದಸ್ಯ ಬಾಂಧವರೇ, ಬೆಲೆಯಿಲ್ಲದ ಮರಳು ನೆಲಕ್ಕೆ ಅವರು ಅಷ್ಟು ಕಾವಲು ಕಾಯುತ್ತಾರೆ. ನಮ್ಮ ತೋಟಕ್ಕೆ ಸೊಪ್ಪನ್ನೂ ನೀರನ್ನೂ ಕೊಡುವ ಬೆಟ್ಟಕ್ಕೆ ನಾವು ಅಷ್ಟಾದರೂ ಮಾಡಬೇಡವೇ? ಜನವರಿ ಮುಗಿಯುವುದರೊಳಗೆ ಅಕ್ಕಪಕ್ಕದವರು ಕೂಡಿ ಗಡಿಯುದ್ದಕ್ಕೂ ಹುಲ್ಲು ಹೆರೆದು ಬೆಂಕಿಗೆರೆ ಮಾಡೋಣ. ಒಬ್ಬಂಟಿಯಾಗಿ ಯಾರೂ ಬೆಂಕಿ ಕೊಡುವುದು ಬೇಡ. ಸಂಘದ ಕಚೇರಿಯಲ್ಲಿ ಒಂದು ಪುಸ್ತಕ ಇಟ್ಟಿದ್ದೇನೆ. ಬರುವವರು ಹೆಸರು ಬರೆಸಿ. ಮೊದಲ ಹೆಸರು ನನ್ನದೇ, ಎರಡನೆಯದು ನನ್ನ ಆ ನೆರೆಯವರದು.