ಬಾಗಿಲಿಗೆ ಬರುವ ಮೇಳ: ಮಲೆನಾಡಿನ ಅಂಟಿಗೆ-ಪಂಟಿಗೆ

ದೀಪಾವಳಿಯ ರಾತ್ರಿ ತೀರ್ಥಹಳ್ಳಿ ತಾಲ್ಲೂಕಿನ ಕೋಣಂದೂರು ಸೀಮೆಯಲ್ಲಿ ನಾಯಿ ಬೊಗಳಿತೆಂದರೆ ಮನೆಯವರು ಕಿವಿಗೊಡುತ್ತಾರೆ: ದೂರದಲ್ಲಿ ಪದ ಕೇಳಿಸೀತೇ ಎಂದು. ಉರಿಯುವ ದೀಪ ಹಿಡಿದು, ಹಾಡುತ್ತ ಮನೆಯಿಂದ ಮನೆಗೆ ಬರುವ ಗಂಡಸರ ಮೇಳವೇ ಅಂಟಿಗೆ-ಪಂಟಿಗೆ. ಹೊಸನಗರ, ಸಾಗರದ ಕಡೆಗೂ ಈ ಪದ್ಧತಿ ಇದೆ. ಕೆಲವು ಊರುಗಳಲ್ಲಿ ಇದಕ್ಕೆ ‘ಹಬ್ಬ ಹಾಡುವುದು’ ಎನ್ನುತ್ತಾರೆ.

ಮೇಳದವರು ವೃತ್ತಿ ಗಾಯಕರಲ್ಲ; ಗದ್ದೆ, ತೋಟಗಳಲ್ಲಿ ದುಡಿಯುವವರು. ಮುಂದಿನ ಇಬ್ಬರು ಸೊಲ್ಲು ಎತ್ತಿದರೆ ಹಿಂದಿನವರು ಅದನ್ನೇ ತಿರುಗಿ ಹೇಳುತ್ತಾರೆ. ಹಾರ್ಮೋನಿಯಂ, ತಬಲಾಗಳ ಹಂಗಿಲ್ಲ. ಹಿಂದೆ ಸೊಲ್ಲು ಕೊಡುತ್ತ ನಡೆದ ಹುಡುಗನೇ ಪದಗಳನ್ನು ಬಾಯಿಗೆ ತಂದುಕೊಂಡು ಮುಂದೊಂದು ವರ್ಷ ಮುಂದಾಳಾಗುತ್ತಾನೆ.

ಇದರ ಹಿಂದೆ ಬಲೀಂದ್ರನ ಕಥೆಯಿದೆ. ಪಾತಾಳಕ್ಕೆ ಇಳಿದ ಅರಸ ವರ್ಷಕ್ಕೊಮ್ಮೆ, ಕಾರ್ತಿಕ ಶುದ್ಧ ಪಾಡ್ಯದ ಹೊತ್ತಿಗೆ, ತನ್ನ ನಾಡು ನೋಡಲು ಬರುತ್ತಾನೆ ಎಂಬುದು ನಂಬಿಕೆ. ಆ ದಿನಗಳ ಬೆಳಕನ್ನು ಮೇಳ ಮನೆಮನೆಗೂ ಮುಟ್ಟಿಸುತ್ತದೆ. ದೇವರ ಮುಂದೆ ಹೊತ್ತಿಸಿಕೊಂಡ ದೀಪ ತಿರುಗಾಟ ಮುಗಿಯುವ ತನಕ ಆರಬಾರದು. ಗಾಳಿ, ಇಬ್ಬನಿಯಿಂದ ಅದನ್ನು ಕಾಯುವುದೇ ಒಬ್ಬನ ಕೆಲಸ.

ಅಂಗಳಕ್ಕೆ ಬಂದ ಮೇಳ ಮೊದಲು ಹೇಳುವುದು ಬಾಗಿಲು ತೆಗೆಸುವ ಪದ. ಬಾಗಿಲು ತೆರೆದ ಮೇಲೆ ಮನೆಯ ಹೆಂಗಸು ದೀಪಕ್ಕೆ ಎಣ್ಣೆ ಎರೆಯುತ್ತಾಳೆ, ಅದರಿಂದಲೇ ತನ್ನ ಮನೆಯ ದೀಪ ಹಚ್ಚಿಕೊಳ್ಳುತ್ತಾಳೆ. ಎಣ್ಣೆ ಎರೆಯುವುದಕ್ಕೂ ಬೇರೆ ಪದವಿದೆ. ಆಮೇಲೆ ಜಗಲಿಯಲ್ಲಿ ಕೂತು ಕಥೆಯ ಪದಗಳು. ಮೊರದಲ್ಲಿ ಅಕ್ಕಿ, ಕಾಯಿ, ಕಜ್ಜಾಯ, ಒಂದಿಷ್ಟು ದುಡ್ಡು ಬರುತ್ತದೆ. ಮನೆ, ದನಕರು, ಬೆಳೆ ಚೆನ್ನಾಗಿರಲಿ ಎಂದು ಹರಸಿ ಮೇಳ ಹೊರಡುತ್ತದೆ. ಕೂಡಿಬಂದ ಅಕ್ಕಿಕಾಯಿಯಲ್ಲಿ ಕೊನೆಗೆ ಎಲ್ಲರೂ ಸೇರಿ ಊಟ ಮಾಡುತ್ತಾರೆ.

ದಾರಿಯಲ್ಲಿ ಎರಡು ಮೇಳ ಎದುರಾದರೆ ಪದದಲ್ಲೇ ಸವಾಲು ಬೀಳುತ್ತದೆ. ಉತ್ತರವನ್ನೂ ಪದದಲ್ಲೇ ಕೊಡಬೇಕು.

ಹಬ್ಬದಲ್ಲಿ ಹಾಡೂ ಬೆಳಕೂ ಕೂಡುವುದು ಬೇರೆಡೆಯೂ ಉಂಟು. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಪ್ರಾರ್ಥನಾ ಮಂದಿರದಲ್ಲಿ 1918ರಲ್ಲಿ ಆರಂಭವಾದ ಕ್ರಿಸ್‌ಮಸ್ ಮುನ್ನಾದಿನದ ಗಾಯನ ಮೇಣದಬತ್ತಿಯ ಬೆಳಕಿಗೂ ಹೆಸರಾಗಿದೆ. ಆದರೆ ಅಲ್ಲಿಗೆ ಕೇಳುವವರೇ ಹೋಗುತ್ತಾರೆ. ಡಿಸೆಂಬರಿನಲ್ಲಿ ಮನೆಮನೆಗೆ ಹೋಗಿ ಹಾಡುವ ಕ್ಯಾರಲ್ ತಂಡಗಳೇ ಅಂಟಿಗೆ-ಪಂಟಿಗೆಗೆ ಹತ್ತಿರದ ನಂಟರು. ಮಲೆನಾಡಿನಲ್ಲಂತೂ ತೋಟಕ್ಕೊಂದು, ಗುಡ್ಡದಾಚೆಗೊಂದು ಮನೆ. ಕೇಳುವವರನ್ನು ಒಂದೆಡೆ ಸೇರಿಸುವುದಕ್ಕಿಂತ ಹಾಡುವವರು ನಡೆಯುವುದೇ ಇಲ್ಲಿಗೆ ಒಗ್ಗಿದ ದಾರಿ.

ಈಗ ಈ ಮೇಳಗಳು ಉತ್ಸವಗಳ ವೇದಿಕೆ ಏರುತ್ತಿವೆ. ಅದರಿಂದ ಕಲಾವಿದರಿಗೆ ಗೌರವ ಸಿಕ್ಕಿದೆ, ಹೊಸ ಕೇಳುಗರೂ ಸಿಕ್ಕಿದ್ದಾರೆ. ಆದರೆ ಕೆಲವೇ ನಿಮಿಷಗಳ ಪ್ರದರ್ಶನದಲ್ಲಿ ತೆರೆಯಲು ಬಾಗಿಲಿಲ್ಲ, ಎಣ್ಣೆ ಎರೆಯುವವರಿಲ್ಲ. ಆ ಪದಗಳಿಗೆ ಅಲ್ಲಿ ಕೆಲಸವೇ ಇಲ್ಲ. ಬಳಕೆ ತಪ್ಪಿದ ಪದ ಬಾಯಿಂದಲೂ ಜಾರುತ್ತದೆ. ಹಾಗಾಗಿ ಈ ಕಲೆಯ ಉಳಿವು ಮೇಳ ಕಟ್ಟುವ ಹುಡುಗರ ಕೈಯಲ್ಲಿರುವಷ್ಟೇ, ರಾತ್ರಿ ಎದ್ದು ಬಾಗಿಲು ತೆರೆಯುವ ಮನೆಗಳ ಕೈಯಲ್ಲೂ ಇದೆ. ಹಬ್ಬಕ್ಕೆ ಊರಿಗೆ ಬಂದ ಬೆಂಗಳೂರಿನ ಮಕ್ಕಳು ಒಂದು ರಾತ್ರಿ ಮೇಳದ ಹಿಂದೆ ನಡೆದು ಸೊಲ್ಲು ಕೊಟ್ಟರೆ, ಕಲಿಕೆ ಅಲ್ಲಿಂದಲೇ ಶುರುವಾಗಬಹುದು.