‘ಪೆರೂಸ್’ ಎಂದರೇನು?

ಕಚೇರಿಯಲ್ಲಿ ಕಾರಕೂನಿ ಮಾಡುವವರಿಗೆಲ್ಲ ಪರಿಚಿತವಾದ ಮಾತೊಂದುಂಟು: ‘ಫಾರ್ ಯುವರ್ ಕೈಂಡ್ ಪೆರೂಸಲ್’. ಕಡತದ ಮೇಲೆ ಈ ನಾಲ್ಕು ಪದಗಳನ್ನು ಬರೆದು ಸಾಹೇಬರ ಮೇಜಿಗೆ ಕಳುಹಿಸಿದರೆ ನಮ್ಮ ಕೆಲಸ ಮುಗಿಯಿತು. ಸಾಹೇಬರು ಒಮ್ಮೆ ಕಣ್ಣಾಡಿಸಿ ಸಹಿ ಮಾಡಿದರೆ ಅವರ ಕೆಲಸವೂ ಮುಗಿಯಿತು. ಆದರೆ ‘ಪೆರೂಸ್’ ಎಂಬ ಕ್ರಿಯಾಪದದ ಹಳೆಯ ಅರ್ಥ ಕಣ್ಣಾಡಿಸುವುದಲ್ಲ. ಅದಕ್ಕೆ ತೀರ ವಿರುದ್ಧವಾದುದು.

‘ಯೂಸ್’ ಎಂದರೆ ಬಳಸು ಎಂಬುದು ಎಲ್ಲರಿಗೂ ಗೊತ್ತು. ಅದರ ಮುಂದೆ ಲ್ಯಾಟಿನ್ನಿನ ‘ಪರ್’ ಎಂಬ ಉಪಸರ್ಗ ಸೇರಿದೆ. ‘ಪೂರ್ತಿಯಾಗಿ, ಕೊನೆಮುಟ್ಟ’ ಎಂದು ಅದರ ಅರ್ಥ. 15ನೆಯ ಶತಮಾನದ ಇಂಗ್ಲಿಷಿನಲ್ಲಿ ಈ ಪದಕ್ಕೆ ಬಳಸಿ ಮುಗಿಸು, ಸವೆಸು ಎಂಬ ಅರ್ಥವಿತ್ತು. 16ನೆಯ ಶತಮಾನದಲ್ಲಿ ಒಂದೊಂದಾಗಿ ಪರೀಕ್ಷಿಸು, ಮೊದಲಿನಿಂದ ಕೊನೆಯವರೆಗೆ ಓದು ಎಂಬ ಅರ್ಥಗಳು ಬಂದವು.

ಆ ಕಾಲದಲ್ಲಿ ಪೆರೂಸ್ ಮಾಡುವುದು ಕಾಗದವನ್ನು ಮಾತ್ರವೇ ಅಲ್ಲ. ಶೇಕ್ಸ್‌ಪಿಯರ್ 1600ರ ಸುಮಾರಿಗೆ ಬರೆದ ‘ಹ್ಯಾಮ್ಲೆಟ್’ ನಾಟಕದಲ್ಲಿ ಕತ್ತಿವರಸೆಯ ಪಂದ್ಯವೊಂದು ಏರ್ಪಡುತ್ತದೆ. ಪಂದ್ಯದ ಕತ್ತಿಗಳ ಮೊನೆ ಮೊಂಡಾಗಿರಬೇಕು. ದುಷ್ಟ ರಾಜನ ಸಂಚಿನಂತೆ ಅವುಗಳಲ್ಲಿ ಒಂದು ಹರಿತವಾಗಿರುತ್ತದೆ, ಅದಕ್ಕೆ ವಿಷವನ್ನೂ ಸವರಲಾಗುತ್ತದೆ. ಹ್ಯಾಮ್ಲೆಟ್ ಸಂಶಯವರಿಯದವನು, ಕತ್ತಿಗಳನ್ನು ‘ಪೆರೂಸ್’ ಮಾಡಲಾರನು ಎಂಬುದೇ ರಾಜನ ಲೆಕ್ಕಾಚಾರ. ಹಾಗೆಯೇ ಆಗುತ್ತದೆ. ಎಲ್ಲ ಕತ್ತಿಗಳೂ ಒಂದೇ ಉದ್ದವಷ್ಟೆ ಎಂದು ಕೇಳಿ ಹ್ಯಾಮ್ಲೆಟ್ ಒಂದನ್ನು ಎತ್ತಿಕೊಳ್ಳುತ್ತಾನೆ, ಪ್ರಾಣ ಕಳೆದುಕೊಳ್ಳುತ್ತಾನೆ.

ಕಾಲಕ್ರಮದಲ್ಲಿ ಪದದ ಬಿಗಿ ಸಡಿಲಿತು. ಇಂದಿನ ನಿಘಂಟುಗಳು ಗಮನವಿಟ್ಟು ಓದು ಎಂಬ ಅರ್ಥದೊಡನೆ ಮೇಲೆಮೇಲೆ ನೋಡು ಎಂಬುದನ್ನೂ ಕೊಡುತ್ತವೆ. ಹೀಗೆ ಎರಡು ವಿರುದ್ಧ ಅರ್ಥಗಳನ್ನು ಹೊತ್ತ ಪದವನ್ನು ಮುಖ್ಯ ಪತ್ರಗಳಲ್ಲಿ ನೆಚ್ಚಿಕೊಳ್ಳಬಾರದು. ದಯವಿಟ್ಟು ಪೂರ್ತಿ ಓದಿರಿ ಎಂದು ಸರಳ ಇಂಗ್ಲಿಷಿನಲ್ಲಿ ಬರೆಯುವುದೇ ಕ್ಷೇಮ.

ಕನ್ನಡದಲ್ಲಿಯೂ ಇದೇ ಕಥೆ. ಕರ್ನಾಟಕದ ಸರಕಾರಿ ಕಡತಗಳಲ್ಲಿ ‘ತಮ್ಮ ಅವಗಾಹನೆಗಾಗಿ’ ಎಂದು ಬರೆಯುವುದುಂಟು. ಅವಗಾಹನವೆಂದರೆ ನೀರಿನಲ್ಲಿ ಮುಳುಗುವುದು. ವಿಷಯದಲ್ಲಿ ಮುಳುಗೆದ್ದು ತಿಳಿಯಿರಿ ಎಂಬುದು ಅದರ ಆಶಯ. ದಡದಲ್ಲಿ ನಿಂತು ಕಾಲು ತೋಯಿಸಿಕೊಂಡರೆ ಅದು ಅವಗಾಹನೆಯಲ್ಲ! ಮರಾಠಿಯ ಕಡತಗಳಲ್ಲಿ ಕಾಣುವ ‘ಅವಲೋಕನಾರ್ಥ’ವೂ ಇದಕ್ಕೆ ಹತ್ತಿರದ ಪದವೇ. ಅವಲೋಕನವೆಂದರೆ ಚೆನ್ನಾಗಿ ನೋಡುವುದು.

ಇದು ಬರಿಯ ಪದಗಳ ಚರ್ಚೆಯೆಂದು ವಾಚಕರು ತಿಳಿಯಬಾರದು. ನಮ್ಮ ಕಲ್ಯಾಣ-ಡೊಂಬಿವಲಿಯಲ್ಲಿಯೇ 65 ಕಟ್ಟಡಗಳ ಪ್ರಕರಣ ನಡೆಯಿತು. ನಗರಪಾಲಿಕೆಯದೆಂದು ತೋರಿಸಿದ ಖೋಟಾ ಅನುಮತಿಪತ್ರಗಳ ಆಧಾರದಿಂದ ಅವಕ್ಕೆ ಮಹಾರೇರಾ ನೋಂದಣಿಯನ್ನು ಪಡೆಯಲಾಗಿತ್ತು. 2024ರ ನವೆಂಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಆ ಕಟ್ಟಡಗಳನ್ನು ಕೆಡವಬೇಕೆಂದು ಆಜ್ಞಾಪಿಸಿತು. ಅಲ್ಲಿ ಮನೆ ಕೊಂಡವರು ಬಹುಮಟ್ಟಿಗೆ ನಮ್ಮಂತೆಯೇ ದುಡಿದು ತಿನ್ನುವ ಜನ. ಅವರನ್ನು ದೂರುವುದು ಸಲ್ಲದು. ನೋಂದಣಿ ಕೊಡುವ ಪ್ರಾಧಿಕಾರವೇ ಆ ಕಾಗದಗಳನ್ನು ನಂಬಿತ್ತು. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ನಮ್ಮ ಹಿರಿಯರ ಮಾತು ಮುದ್ರೆಯೊತ್ತಿದ ಕಾಗದಕ್ಕೂ ಅನ್ವಯಿಸುತ್ತದೆ.

ಆದುದರಿಂದ ಮನೆ ಕೊಳ್ಳುವವರು ರೇರಾ ನಂಬರನ್ನು ಕಂಡು ಅಲ್ಲಿಗೇ ತೃಪ್ತರಾಗಬಾರದು. ಮಹಾರೇರಾದ ಜಾಲತಾಣದಿಂದ ಆ ಕಟ್ಟಡದ ಅನುಮತಿಪತ್ರವನ್ನು ಇಳಿಸಿಕೊಂಡು, ಪಾಲಿಕೆಯ ನಗರರಚನಾ ವಿಭಾಗಕ್ಕೆ ಒಯ್ದು, ಅದು ಅವರೇ ಕೊಟ್ಟದ್ದೇ ಎಂದು ವಿಚಾರಿಸಬೇಕು. ಸಾತ್‌ಬಾರಾ ಉತಾರೆಯಲ್ಲಿರುವ ಸರ್ವೆ ನಂಬರು ಕರಾರುಪತ್ರದಲ್ಲಿರುವುದಕ್ಕೆ ತಾಳೆಯಾಗುವುದೇ ಎಂದು ನೋಡಬೇಕು. ಮರಾಠಿ ಬಾರದವರು ಬಲ್ಲ ಗೆಳೆಯರಿಂದ ಪ್ರತಿ ಪುಟವನ್ನೂ ಓದಿಸಿ ಕೇಳಬೇಕು. ಮುಂಗಡ ಕೊಡುವ ಮೊದಲು ವಕೀಲರಿಗೆ ಒಮ್ಮೆ ತೋರಿಸುವುದು ಇನ್ನೂ ಒಳ್ಳೆಯದು. ಈ ಓಡಾಟಕ್ಕೆ ಎರಡು ದಿನದ ರಜೆ ಹೋಗಬಹುದು. ಇಪ್ಪತ್ತು ವರ್ಷದ ಕಂತು ಉಳಿದೀತು.

ಸಾಹೇಬರ ಕಡತ ಹೇಗಾದರೂ ಇರಲಿ. ನಮ್ಮ ಸಹಿ ಬೀಳುವ ಕಾಗದವನ್ನು ಮಾತ್ರ ನಾವು ಹಳೆಯ ಅರ್ಥದಲ್ಲಿಯೇ ‘ಪೆರೂಸ್’ ಮಾಡೋಣ.