ಲಿಫ್ಟಿನ ಹಗ್ಗಕ್ಕೆ ಎಂಥ ಎಣ್ಣೆ?

ಮುಂಬೈಯ ಎತ್ತರದ ಕಟ್ಟಡಗಳಲ್ಲಿರುವ ನಾವು ದಿನವೂ ಜೀವ ಒಪ್ಪಿಸುವುದು ಉಕ್ಕಿನ ಹಗ್ಗಕ್ಕೆ. 1834ರಲ್ಲಿ ಜರ್ಮನಿಯ ಹಾರ್ಟ್ಸ್ ಬೆಟ್ಟದ ಗಣಿಗಳಿಗೆ ಇದನ್ನು ತಂದವರು ವಿಲ್ಹೆಲ್ಮ್ ಆಲ್ಬರ್ಟ್. ನೋಡಲು ಒಂದೇ ಹಗ್ಗ. ಒಳಗೆ ನೂರಕ್ಕೂ ಹೆಚ್ಚು ತಂತಿಗಳು. ರಾಟೆಯ ಮೇಲೆ ಬಾಗಿದಾಗಲೆಲ್ಲ ಅವು ಒಂದಕ್ಕೊಂದು ಉಜ್ಜಿ ಒಳಗೊಳಗೇ ಸವೆಯುತ್ತವೆ.

ಹಗ್ಗ ತಯಾರಿಸುವಾಗಲೇ ನಡುವಿನ ನಾರಿಗೆ ಎಣ್ಣೆ ಕುಡಿಸಿರುತ್ತಾರೆ. ಕ್ರಮೇಣ ಅದು ಒಣಗುತ್ತದೆ. ಮೇಲಿಂದ ಗಟ್ಟಿ ಗ್ರೀಸ್ ಬಳಿದರೆ ಹೊರಗೇ ಉಳಿದು ಧೂಳು ಹಿಡಿಯುತ್ತದೆ. ತೀರಾ ತೆಳುವಾದರೆ ತೊಟ್ಟಿಕ್ಕಿ ಹೋಗುತ್ತದೆ. ಲಿಫ್ಟಿನಲ್ಲಿ ಇನ್ನೊಂದು ತೊಡಕು: ರಾಟೆ ಹಗ್ಗವನ್ನು ಎಳೆಯುವುದು ಘರ್ಷಣೆಯಿಂದಲೇ. ಎಣ್ಣೆ ಹೆಚ್ಚಾದರೆ ಹಗ್ಗ ಜಾರುತ್ತದೆ. ಹಾಗಾಗಿ ಒಳ್ಳೆಯ ಎಣ್ಣೆ ಒಳಗಿಳಿಯಬೇಕು, ಅಲ್ಲೇ ನಿಲ್ಲಬೇಕು, ಹೊರಮೈಯ ಹಿಡಿತ ಕೆಡಿಸಬಾರದು. ಕೆಲವು ಎಣ್ಣೆಗಳಲ್ಲಿ ಇದಕ್ಕಾಗಿಯೇ ದ್ರಾವಕ ಬೆರೆಸುತ್ತಾರೆ. ಅದು ಎಣ್ಣೆಯನ್ನು ಒಳಗೆ ಒಯ್ದು ತಾನು ಆರಿಹೋಗುತ್ತದೆ.

ನಾನು ಸಾಫ್ಟ್‌ವೇರ್‌ನವನು. ಸರ್ವರ್ ಕೆಡುವ ಮುನ್ನ ಲಾಗ್‌ನಲ್ಲಿ ಸುಳಿವು ಹುಡುಕುವುದು ನನ್ನ ಕೆಲಸ. ಹಗ್ಗವೂ ಸುಳಿವು ಕೊಡುತ್ತದೆ: ಎಳೆಗಳ ನಡುವೆ ಕೆಂಪು ಪುಡಿ. ಒಳಗೆ ಎಣ್ಣೆ ಆರಿ, ತಂತಿಗಳು ಉಜ್ಜಿ ತುಕ್ಕಾಗುತ್ತಿರುವುದರ ಗುರುತು ಅದು. ಆಗ ಎಣ್ಣೆ ಬಳಿದು ಸುಮ್ಮನಾದರೆ ಸಾಲದು, ಹಗ್ಗವನ್ನು ಪರೀಕ್ಷಿಸಲೇಬೇಕು.

ನಿಮ್ಮ ಸೊಸೈಟಿಯ ಮುಂದಿನ ಸಭೆಯಲ್ಲಿ ಬಣ್ಣ, ಪಾರ್ಕಿಂಗ್ ಚರ್ಚೆ ಮುಗಿದ ಮೇಲೆ ಇದನ್ನೂ ಕೇಳಿ: ಹಗ್ಗಕ್ಕೆ ಯಾವ ಎಣ್ಣೆ ಹಾಕಿದ್ದೀರಿ, ಯಾವಾಗ?